ಪಗ್ಗು, ಫಸಲಿ, ಏಪ್ರಿಲ್: ನಮ್ಮ ಊರಿನ ಕಾಲಗಣನೆಯ ಕಥೆ



ಬೀಜ, ಗೊಬ್ಬರ, ಮದ್ದು ಸಿಂಪಡಣೆ ಇವುಗಳ ಮಾತು ನಮ್ಮಲ್ಲಿ ಯಾವಾಗಲೂ ಇದ್ದದ್ದೇ. ಇವತ್ತು ಈ ಎಲ್ಲಾ ಕೆಲಸಕ್ಕೂ ಬೇಕಾಗುವ, ಆದರೆ ಕೊಟ್ಟಿಗೆಯಲ್ಲಿ ಇಡದೆ ಗೋಡೆಗೆ ತೂಗಹಾಕುವ ಒಂದು ಸಾಮಾನಿನ ವಿಷಯ ಹೇಳೋಣ. ಅದೇ ಕ್ಯಾಲೆಂಡರು. ಬಂಟ್ವಾಳದಲ್ಲೋ ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ ಅಂಗಡಿಯಿಂದ ತಂದ ಒಂದು ಹಾಳೆಯನ್ನು ನಿಧಾನವಾಗಿ ನೋಡಿ. ದೊಡ್ಡ ಅಕ್ಷರದಲ್ಲಿ ಇಂಗ್ಲಿಷು ತಾರೀಕು ಉಂಟು. ಅದರ ಕೆಳಗೆ ತಿಥಿ ಉಂಟು, ನಕ್ಷತ್ರ ಉಂಟು. ಮೂಲೆಯಲ್ಲಿ ಸಣ್ಣದಾಗಿ ಪಗ್ಗು, ಬೇಷ, ಕಾರ್ತೆಲು ಎಂದು ನಮ್ಮ ತುಳು ತಿಂಗಳ ದಿನ ಉಂಟು. ಮುಸ್ಲಿಮರ ಹಿಜರಿ ತಿಂಗಳು, ಸರಕಾರದ ಶಕವರ್ಷ ಇವೂ ಕೆಲವದರಲ್ಲಿ ಇರುತ್ತವೆ. ಒಂದೇ ದಿನಕ್ಕೆ ಐದಾರು ಹೆಸರು!

ಇವುಗಳಲ್ಲಿ ಯಾವುದು ಸರಿ ಎಂದು ಕೇಳುವವರಿದ್ದಾರೆ. ಅವರಿಗೆ ನಾವು ಕೇಳಬೇಕಾದ ಮರುಪ್ರಶ್ನೆ ಒಂದೇ: ಯಾವ ಕೆಲಸಕ್ಕೆ? ಹಾರೆಯಿಂದ ಪೈರು ಕೊಯ್ಯುವುದಿಲ್ಲ, ಕತ್ತಿಯಿಂದ ಗುಂಡಿ ತೋಡುವುದಿಲ್ಲ. ಹಾಗೆಯೇ ಒಂದೊಂದು ಪಂಚಾಂಗವೂ ಒಂದೊಂದು ಕೆಲಸಕ್ಕಾಗಿ ಹುಟ್ಟಿದ್ದು. ಅದು ಹೇಗೆ ಹುಟ್ಟಿತು, ನಮ್ಮೂರಿಗೆ ಹೇಗೆ ಬಂತು ಎಂದು ತಿಳಿದರೆ ಯಾವುದನ್ನು ಯಾವಾಗ ನಂಬಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೂಲದ ತೊಂದರೆ ಏನೆಂದರೆ, ಸೂರ್ಯನಿಗೂ ಚಂದ್ರನಿಗೂ ಲೆಕ್ಕ ಕೂಡಿ ಬರುವುದಿಲ್ಲ. ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲಕ್ಕೆ, ಅಂದರೆ ಋತುಗಳು ಒಂದು ಸುತ್ತು ಬರುವುದಕ್ಕೆ, 365 ದಿನ 5 ಗಂಟೆ 49 ನಿಮಿಷ ಬೇಕು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಅಂಥ ಹನ್ನೆರಡು ತಿಂಗಳು ಸೇರಿಸಿದರೆ 354 ದಿನ ಮಾತ್ರ. ವರ್ಷಕ್ಕೆ ಹನ್ನೊಂದು ದಿನ ಕಮ್ಮಿ. ಲೋಕದ ಪಂಚಾಂಗಗಳೆಲ್ಲ ಈ ಹನ್ನೊಂದು ದಿನವನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು ಎಂದರೆ ತಪ್ಪಾಗದು.

ನಮ್ಮ ತುಳುನಾಡಿನ ಹಿರಿಯರು ತಿಂಗಳ ಲೆಕ್ಕವನ್ನು ಸೂರ್ಯನಿಗೆ ಕಟ್ಟಿದರು. ಸೂರ್ಯ ಒಂದು ರಾಶಿಯಿಂದ ಇನ್ನೊಂದು ರಾಶಿಗೆ ಹೋಗುವುದೇ ಸಂಕ್ರಮಣ. ಅಲ್ಲಿಗೆ ತಿಂಗಳು ಮುಗಿಯಿತು. ಪಗ್ಗು, ಬೇಷ, ಕಾರ್ತೆಲು, ಆಟಿ, ಸೋಣ, ನಿರ್ನಾಲ, ಬೊಂತೆಲು, ಜಾರ್ದೆ, ಪೆರಾರ್ದೆ, ಪುಯಿಂತೆಲು, ಮಾಯಿ, ಸುಗ್ಗಿ ಎಂದು ಹನ್ನೆರಡು. ಪಗ್ಗು ಒಂದಕ್ಕೆ ಬಿಸು ಹಬ್ಬ, ಹೊಸ ವರ್ಷ. ಕಾರ್ತೆಲು, ಆಟಿಯಂಥ ತಿಂಗಳಿಗೆ 31, 32 ದಿನ ಬರುತ್ತದೆ, ಪೆರಾರ್ದೆಗೆ 29, 30 ದಿನ. ಇದು ಬರೆದವರ ಕೈತಪ್ಪಲ್ಲ. ಜುಲೈ ಹೊತ್ತಿಗೆ ಆಕಾಶದಲ್ಲಿ ಸೂರ್ಯನ ನಡೆ ಸ್ವಲ್ಪ ನಿಧಾನ, ಜನವರಿ ಹೊತ್ತಿಗೆ ಸ್ವಲ್ಪ ಚುರುಕು. ಅದನ್ನೂ ಹಿರಿಯರ ಲೆಕ್ಕ ಬಿಟ್ಟಿಲ್ಲ.

ಸೂರ್ಯನಿಗೆ ಕಟ್ಟಿದ್ದರಿಂದ ಏನು ಪ್ರಯೋಜನವಾಯಿತು? ಬೇಸಾಯದ ಕೆಲಸವೆಲ್ಲ ತಿಂಗಳ ಹೆಸರಿನಲ್ಲೇ ನಿಂತಿತು. ಬಿಸುವಿನ ದಿನ ಗದ್ದೆಗೆ ಕೈಬಿತ್ತು ಹಾಕುವ ರೂಢಿ ಉಂಟು. ಪಗ್ಗು ಹದಿನೆಂಟಕ್ಕೆ ಬೀಜ ಬಿತ್ತಬೇಕೆಂದು ಹಿರಿಯರು ಹೇಳುವುದುಂಟು. ಬೇಷ ಹತ್ತಕ್ಕೆ ಪತ್ತನಾಜೆ. ಅಲ್ಲಿಗೆ ಕೋಲ, ಜಾತ್ರೆ, ಯಕ್ಷಗಾನ ಮೇಳಗಳ ತಿರುಗಾಟ ನಿಂತು ಎಲ್ಲರ ಕೈಯೂ ಗದ್ದೆಗೆ ಬರಬೇಕು. ಬೊಂತೆಲಿನ ಹೊತ್ತಿಗೆ ಏಣಿಲು ಕೊಯ್ಲು ಮುಗಿದು ಸುಗ್ಗಿ ಬೆಳೆಗೆ ಗದ್ದೆ ಹಸನಾಗಬೇಕು. ಪುಯಿಂತೆಲು ಮುಗಿಯುವಾಗ ಕೆಡ್ಡಸ. ಆ ದಿನಗಳಲ್ಲಿ ಭೂಮಿಗೆ ನೇಗಿಲು ತಾಗಿಸುವಂತಿಲ್ಲ. ಓದು ಬಾರದ ಅಜ್ಜಿಗೂ ಈ ವರ್ಷದ ಕೆಲಸದ ಪಟ್ಟಿ ಬಾಯಿಪಾಠ. ಇದಕ್ಕಿಂತ ಒಳ್ಳೆಯ ಕೃಷಿ ಕೈಪಿಡಿ ಬೇಕೇ?

ಗಟ್ಟದ ಮೇಲಿನವರದು ಬೇರೆ ದಾರಿ. ಅಲ್ಲಿ ಚಾಂದ್ರಮಾನ, ಹೊಸ ವರ್ಷ ಯುಗಾದಿಗೆ. ನಮ್ಮಲ್ಲೂ ಕೊಂಕಣಿ ಮನೆಗಳಲ್ಲಿ ಯುಗಾದಿಯನ್ನೇ ಆಚರಿಸುತ್ತಾರೆ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ ಬಂತು. ಹೀಗೆ ಹಿಂದೆ ಮುಂದೆ ಓಡಾಡಿದರೂ ಅದು ಚಳಿಗಾಲಕ್ಕೆ ಹೋಗಿ ಸೇರುವುದಿಲ್ಲ. ಕಾರಣ, ಸುಮಾರು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕ ಮಾಸ ಎಂದು ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಇಂಥ ಏಳು ತಿಂಗಳು. ಸಾಲಕ್ಕೆ ಬಿದ್ದ ಹನ್ನೊಂದು ಹನ್ನೊಂದು ದಿನವನ್ನು ಒಟ್ಟುಮಾಡಿ ತೀರಿಸಿದ ಹಾಗೆ.

ಹಿಜರಿ ಲೆಕ್ಕದಲ್ಲಿ ಆ ಸೇರಿಸುವಿಕೆ ಇಲ್ಲ. ಚಂದ್ರ ಕಂಡರೆ ತಿಂಗಳು, ಹನ್ನೆರಡು ತಿಂಗಳಿಗೆ ವರ್ಷ. ಆದ್ದರಿಂದ ನಮ್ಮ ಬ್ಯಾರಿ ಬಂಧುಗಳ ರಂಜಾನ್ ಉಪವಾಸ ಒಮ್ಮೆ ಸುಡುಬೇಸಗೆಯಲ್ಲಿ ಬರುತ್ತದೆ, ಇನ್ನೊಮ್ಮೆ ಆಟಿಯ ಮಳೆಯಲ್ಲಿ ಬರುತ್ತದೆ. ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ವ್ರತಕ್ಕೆ ಇದು ಚೆನ್ನ, ಯಾರಿಗೂ ಯಾವಾಗಲೂ ಒಂದೇ ಋತುವಿನ ಕಷ್ಟ ಇಲ್ಲ. ಬಿತ್ತನೆಗೆ ಮಾತ್ರ ಇದು ಒಗ್ಗದು, ಅವರೂ ಬಿತ್ತನೆಗೆ ಇದನ್ನು ನೋಡುವುದಿಲ್ಲ.

ಎರಡೂ ಲೆಕ್ಕವನ್ನು ಒಂದೇ ದಿನಕ್ಕೆ ಹೊಂದಿಸುವ ಜಾಣತನವೂ ನಮ್ಮಲ್ಲುಂಟು. ಆಟಿ ಅಮಾವಾಸ್ಯೆಗೆ ಹಾಲೆಮರದ ತೊಗಟೆಯ ಕಷಾಯ ಕುಡಿಯುತ್ತೇವಲ್ಲ? ಆಟಿ ಎಂಬುದು ಸೂರ್ಯನ ತಿಂಗಳು, ಅಮಾವಾಸ್ಯೆ ಚಂದ್ರನ ದಿನ.

ಇನ್ನು ಕಾಗದಪತ್ರ, ಕಲ್ಲು ಶಾಸನದ ಮಾತಿಗೆ ಬರೋಣ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಫಲ್ಗುಣೀ ಹೊಳೆಯ ದಡದ ಹತ್ತಿರ ಗೊಮ್ಮಟನನ್ನು ನಿಲ್ಲಿಸಿದವರು ಅಜಿಲ ಅರಸ ತಿಮ್ಮಣ್ಣ. ಅಲ್ಲಿನ ಶಾಸನ ಹೇಳುವ ದಿನ ಶಾಲಿವಾಹನ ಶಕ 1525, ಶೋಭಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದಶಮಿ, ಗುರುವಾರ. ಶಕವರ್ಷಕ್ಕೆ 78 ಸೇರಿಸಿದರೆ 1603 ಆಯಿತು. ಆದರೆ ಫಾಲ್ಗುಣ ವರ್ಷದ ಕೊನೆಯ ತಿಂಗಳು. ಅಷ್ಟರಲ್ಲಿ ಜನವರಿ ದಾಟಿ 1604 ಬಂದಿರುತ್ತದೆ. ಹಾಗಾಗಿ ಇದು 1604ರ ಮಾರ್ಚ್.

ಮಾರ್ಚ್ ಎಷ್ಟನೇ ತಾರೀಕು? ಇಲ್ಲೇ ಮೋಜು ಇರುವುದು. ಚರಿತ್ರೆಯ ಪುಸ್ತಕಗಳು ಮಾರ್ಚ್ 1 ಎನ್ನುತ್ತವೆ. ಅದು ಯುರೋಪಿನ ಹಳೆಯ ಲೆಕ್ಕ. ಆ ಹೊತ್ತಿಗೆ ಮಂಗಳೂರಿನಲ್ಲಿದ್ದ ಪೋರ್ಚುಗೀಸರು ಹೊಸ ಲೆಕ್ಕಕ್ಕೆ ಬಂದಾಗಿತ್ತು. ಅವರಿಗೆ ಅದು ಮಾರ್ಚ್ 11. ಲಂಡನಿನ ವ್ಯಾಪಾರಿಯೊಬ್ಬ ಅದೇ ದಿನ ಕಾಗದ ಬರೆದಿದ್ದರೆ 1603 ಮಾರ್ಚ್ 1 ಎಂದು ಬರೆಯುತ್ತಿದ್ದ, ಏಕೆಂದರೆ ಆಗ ಇಂಗ್ಲೆಂಡಿನಲ್ಲಿ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. ನಮ್ಮ ಗುರುವಾರ ಮಾತ್ರ ಎಲ್ಲರಿಗೂ ಗುರುವಾರವೇ. ವೇಣೂರಿನ ಕಲ್ಲು ಕೆತ್ತಿದವನು ವರ್ಷ, ಸಂವತ್ಸರ, ತಿಂಗಳು, ತಿಥಿ, ವಾರ ಐದನ್ನೂ ಬರೆದದ್ದರಿಂದ ಇಷ್ಟು ಶತಮಾನ ಕಳೆದರೂ ಆ ದಿನವನ್ನು ಬೆರಳಿಟ್ಟು ತೋರಿಸಬಹುದು. ಒಂದು ಲೆಕ್ಕ ತಪ್ಪಿದರೆ ಇನ್ನೊಂದು ಹಿಡಿದುಕೊಳ್ಳುತ್ತದೆ. ಈ ಮಾತನ್ನು ಜ್ಞಾಪಕದಲ್ಲಿಡಿ, ಮುಂದೆ ಬೇಕಾಗುತ್ತದೆ.

ಯುರೋಪಿನ ಈ ಹತ್ತು ದಿನದ ವ್ಯತ್ಯಾಸ ಹೇಗೆ ಬಂತು? ಹಳೆಯ ಈಜಿಪ್ಟಿನವರು ವರ್ಷಕ್ಕೆ ಸರಿಯಾಗಿ 365 ದಿನ ಇಟ್ಟುಕೊಂಡಿದ್ದರು. ಮೇಲಿನ ಆರು ಗಂಟೆಯನ್ನು ಬಿಟ್ಟರು. ನಾಲ್ಕು ವರ್ಷಕ್ಕೆ ಒಂದು ದಿನದಂತೆ ಜಾರಿ ಜಾರಿ, ನೈಲ್ ನದಿಯ ನೆರೆ ಬರುವ ಕಾಲಕ್ಕೂ ಅವರ ತಿಂಗಳಿಗೂ ಸಂಬಂಧವೇ ಇಲ್ಲದಂತಾಯಿತು. ರೋಮಿನ ಜೂಲಿಯಸ್ ಸೀಸರ್ ಕ್ರಿಸ್ತಪೂರ್ವ 45ರಿಂದ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರಿಸುವ ಪದ್ಧತಿ ತಂದ. ಆಗ ವರ್ಷಕ್ಕೆ 11 ನಿಮಿಷ ಹೆಚ್ಚಾಯಿತು. ಹನ್ನೊಂದು ನಿಮಿಷ ಏನು ಮಹಾ ಎನ್ನಬೇಡಿ. 128 ವರ್ಷಕ್ಕೆ ಅದು ಒಂದು ದಿನ. 1582ರ ಹೊತ್ತಿಗೆ ಹತ್ತು ದಿನ ತಪ್ಪಿತ್ತು. ಪೋಪ್ ಹದಿಮೂರನೇ ಗ್ರೆಗರಿ ಆ ವರ್ಷ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಕರೆಯಿಸಿದ. ಮುಂದೆ ಶತಮಾನದ ವರ್ಷಗಳಲ್ಲಿ 400ರಿಂದ ಭಾಗವಾಗುವವಕ್ಕೆ ಮಾತ್ರ ಫೆಬ್ರವರಿ 29 ಎಂದು ಗೊತ್ತುಮಾಡಿದ. 1900ಕ್ಕೆ ಅದು ಇರಲಿಲ್ಲ, 2000ಕ್ಕೆ ಇತ್ತು. ಇಂಗ್ಲೆಂಡು ಇದನ್ನು ಒಪ್ಪಿದ್ದು 1752ರಲ್ಲಿ, ಜಪಾನು 1873ರಲ್ಲಿ, ರಷ್ಯ 1918ರಲ್ಲಿ.

ಇದರ ಫಲ ನಮ್ಮ ಗದ್ದೆಯ ಬದಿಯಲ್ಲೇ ಕಾಣುತ್ತದೆ. ಕ್ರೈಸ್ತ ಬಂಧುಗಳು ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ ಮಾಡಿ ಹೊಸ ತೆನೆಯನ್ನು ಮನೆಗೆ ತಂದು ಹೊಸ ಅಕ್ಕಿ ಊಟ ಮಾಡುತ್ತಾರೆ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದ ಜೊತೆಗೆ ಈ ಹಬ್ಬದ ನೆನಪು ಕೂಡಿಕೊಂಡಿದೆ. ತುಳು ಮನೆಗಳಲ್ಲೂ ಸೋಣ, ನಿರ್ನಾಲದ ಹೊತ್ತಿಗೆ ತೆನೆ ಕಟ್ಟುವುದು, ಹೊಸ ಅಕ್ಕಿ ಊಟ ಉಂಟು. ಒಂದೇ ಏಣಿಲು ಬೆಳೆಗೆ ಎರಡು ಪಂಚಾಂಗದ ಹಬ್ಬ! ಎರಡೂ ಸೂರ್ಯನ ಲೆಕ್ಕವಾದ್ದರಿಂದಲೇ ಎರಡಕ್ಕೂ ತೆನೆ ಸಿಕ್ಕುತ್ತದೆ.

ಪಂಚಾಂಗವನ್ನು ಬದಲಿಸುವುದಕ್ಕೆ ದೇವರ ಕೆಲಸದಷ್ಟೇ ದೊಡ್ಡ ಕಾರಣ ತೀರ್ವೆ. ಹಿಜರಿ ವರ್ಷ 354 ದಿನ ಎಂದೆವಷ್ಟೆ. ಅರಸ ಆ ವರ್ಷಕ್ಕೊಮ್ಮೆ ಕಂದಾಯ ಕೇಳಿದರೆ ರೈತ 32 ಬೆಳೆ ತೆಗೆಯುವಷ್ಟರಲ್ಲಿ 33 ಕಂದಾಯ ಕೊಡಬೇಕಾಗುತ್ತದೆ. ಈ ಅನ್ಯಾಯ ಕಂಡೇ ಅಕ್ಬರ್ ಬಾದಶಹ ಫಸಲಿಗೆ ಸರಿಯಾಗಿ ಸೂರ್ಯನ ವರ್ಷವನ್ನು ಕಂದಾಯಕ್ಕೆ ತಂದ. ಅದೇ ಫಸಲಿ ವರ್ಷ. 1763ರಿಂದ 1799ರವರೆಗೆ ನಮ್ಮ ಸೀಮೆ ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿತ್ತು. ಟಿಪ್ಪು 1787ರ ಸುಮಾರಿಗೆ ಹಿಜರಿಯನ್ನು ಬಿಟ್ಟು ಮೌಲೂದಿ ಎಂಬ ಹೊಸ ಶಕೆ ನಡೆಸಿದ, ತಿಂಗಳಿಗೆ ಹೊಸ ಹೆಸರಿಟ್ಟ. ಆದರೆ ಒಳಗಿನ ಲೆಕ್ಕ ನಮ್ಮ ಚೈತ್ರ, ವೈಶಾಖದ್ದೇ. ಅಧಿಕ ಮಾಸವೂ ಇತ್ತು. ಹೆಸರನ್ನು ಅರಸ ಬದಲಿಸಬಹುದು, ಕೊಯ್ಲಿನ ಕಾಲವನ್ನು ಬದಲಿಸಲಾರ.

1799ರ ನಂತರ ಕುಂಪಣಿ ಸರಕಾರ ಬಂತು. ಮದರಾಸು ಆಡಳಿತದಲ್ಲಿ ಇಂಗ್ಲಿಷು ತಾರೀಕೂ ಫಸಲಿ ವರ್ಷವೂ ಒಟ್ಟಿಗೆ ನಡೆದವು. ಫಸಲಿ ಮೊದಲು ತಮಿಳರ ಆಡಿ ತಿಂಗಳ ಒಂದಕ್ಕೆ, ಅಂದರೆ ನಮ್ಮ ಆಟಿ ಒಂದಕ್ಕೆ, ಶುರುವಾಗುತ್ತಿತ್ತು. 1800ರ ಸುಮಾರಿಗೆ ಅದನ್ನು ಜುಲೈಯ ಒಂದು ಗೊತ್ತಾದ ದಿನಕ್ಕೆ ನಿಲ್ಲಿಸಿದರು. 1855ರಲ್ಲಿ ಜುಲೈ 1ಕ್ಕೆ ತಂದರು. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನ ಈ ಲೆಕ್ಕವೇ ಇತ್ತು. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಪಟ್ಟೆ, ತೀರ್ವೆ ರಶೀದಿಯಲ್ಲಿ ಫಸಲಿ 1345 ಎಂದಿದ್ದರೆ ಗಾಬರಿಯಾಗಬೇಡಿ. ಅದಕ್ಕೆ 590 ಸೇರಿಸಿ. 1935 ಬರುತ್ತದೆ, 1935 ಜುಲೈ 1ರಿಂದ 1936 ಜೂನ್ 30ರವರೆಗಿನ ವರ್ಷ ಎಂದರ್ಥ.

ಹಳೆಯ ಚೀಟಿಯಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಕಷ್ಟ. ಹೇವಿಳಂಬಿ ಸಂವತ್ಸರ 1897ರಲ್ಲಿ ಬಂತು, 1957ರಲ್ಲಿ ಬಂತು, 2017ರಲ್ಲಿ ಮತ್ತೆ ಬಂತು. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು. ಅಜ್ಜನದೋ ಮುತ್ತಜ್ಜನದೋ ಯಾರು ಹೇಳಬೇಕು? ತಾರೀಕಿನ ಬೆಲೆ ಏನೆಂದು ನಮ್ಮ ಜಿಲ್ಲೆಯವರಿಗೆ ಕಲಿಸಿದ್ದು ಭೂಸುಧಾರಣೆ. 1974ರ ಮಾರ್ಚ್ 1ಕ್ಕೆ ಸ್ವಲ್ಪ ಮುಂಚಿನವರೆಗೆ ಗೇಣಿದಾರರ ಕೈಯಲ್ಲಿದ್ದ ಜಮೀನು ಆ ತಾರೀಕಿಗೆ ಸರಕಾರಕ್ಕೆ ಸೇರಿ, ಅರ್ಜಿ ಹಾಕಿದ ಉಳುವವನ ಹೆಸರಿಗೆ ಬರುವಂತಾಯಿತು. ಚಾಲಗೇಣಿ, ಮೂಲಗೇಣಿಯ ನಾಡಿನಲ್ಲಿ ಅದೆಷ್ಟು ಮನೆಗಳ ಬಾಳು ಆ ಒಂದು ತಾರೀಕಿನ ಮೇಲೆ ನಿಂತಿತ್ತು! ಗೇಣಿ ಅಕ್ಕಿ ಕೊಟ್ಟದ್ದು ನಿಜ. ಯಾವ ದಿನ, ಯಾವ ವರ್ಷ ಎಂದು ಬರೆದ ತುಂಡು ಕಾಗದ ಇದ್ದವನಿಗೆ ಧೈರ್ಯ, ಇಲ್ಲದವನಿಗೆ ಸಾಕ್ಷಿ ಹುಡುಕುವ ಓಡಾಟ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗ ನಡೆಯುತ್ತಿದ್ದವು. 1952ರಲ್ಲಿ ಮೇಘನಾದ ಸಹಾ ಎಂಬ ವಿಜ್ಞಾನಿಯ ಅಧ್ಯಕ್ಷತೆಯಲ್ಲಿ ಸಮಿತಿ ಕುಳಿತು, 1955ರಲ್ಲಿ ವರದಿ ಕೊಟ್ಟಿತು. ಅದರಂತೆ 1957ರ ಮಾರ್ಚ್ 22ನ್ನು ಶಕ 1879ರ ಚೈತ್ರ 1 ಎಂದು ಮಾಡಿ ರಾಷ್ಟ್ರೀಯ ಪಂಚಾಂಗ ಆರಂಭವಾಯಿತು. ವರ್ಷ ಶುರುವಾಗುವುದು ಹಗಲೂ ಇರುಳೂ ಸಮನಾದ ದಿನದ ಮರುದಿನ. ಲೆಕ್ಕ ಬಲು ನಯ. ಸರಕಾರದ ಗೆಜೆಟ್ಟಿನಲ್ಲಿ ಅದು ಉಂಟು. ಆದರೆ ಕಚೇರಿಯವರು ಇಂಗ್ಲಿಷು ತಾರೀಕನ್ನು ಬಿಡಲಿಲ್ಲ, ಮನೆಯವರು ಹಬ್ಬದ ಪಂಚಾಂಗವನ್ನು ಬಿಡಲಿಲ್ಲ. ಯಾವ ಕೆಲಸವೂ ಇಲ್ಲದ ಹೊಸ ಸಾಮಾನು ಅಟ್ಟ ಸೇರಿದ ಹಾಗಾಯಿತು.

ಆದರೂ ಆ ಸಮಿತಿ ಎತ್ತಿ ಹೇಳಿದ ಒಂದು ಸಂಗತಿ ರೈತರು ತಿಳಿಯಲೇಬೇಕಾದ್ದು. ನಮ್ಮ ಸಂಕ್ರಮಣ ನಕ್ಷತ್ರಗಳನ್ನು ನೋಡಿ ಗೊತ್ತುಮಾಡಿದ್ದು. ಸೂರ್ಯ ಅದೇ ನಕ್ಷತ್ರಕ್ಕೆ ಮರಳಲು ಋತುಚಕ್ರಕ್ಕಿಂತ ಇಪ್ಪತ್ತು ನಿಮಿಷ ಹೆಚ್ಚು ಬೇಕು. ಹಳೆಯ ಸಿದ್ಧಾಂತದ ಲೆಕ್ಕದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಆದ್ದರಿಂದ ಅರುವತ್ತು ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಸಂಕ್ರಮಣ ಮುಂದೆ ಜಾರುತ್ತದೆ. ಸಾಕ್ಷಿ ಬೇಕೇ? 1800ರಲ್ಲಿ ಜುಲೈ 13ರ ಹೊತ್ತಿಗಿದ್ದ ಆಟಿ ಒಂದು ಈಗ ಜುಲೈ 17ರ ಹೊತ್ತಿಗೆ ಬರುತ್ತದೆ. ವೇಣೂರಿನ ಗೊಮ್ಮಟ ನಿಂತ ದಿನ ಸುಗ್ಗಿ ತಿಂಗಳ ಮೊದಲ ವಾರ ನಡೆಯುತ್ತಿತ್ತು. ಈಗ ಮಾರ್ಚ್ 11 ಎಂದರೆ ಮಾಯಿ ಇನ್ನೂ ಮುಗಿದಿರುವುದಿಲ್ಲ. ಆ ಕಾಲದ ಬಿಸು ಇಂದಿನ ಎಣಿಕೆಯಲ್ಲಿ ಏಪ್ರಿಲ್ 7ರ ಆಚೀಚೆ. ಈಗ 14 ಅಥವಾ 15.

ಮಳೆ ನಕ್ಷತ್ರಗಳದ್ದೂ ಇದೇ ಕಥೆ. ರೋಹಿಣಿ ಮಳೆ ಮೇ 25ರ ಸುಮಾರಿಗೆ ಶುರು, ಮೃಗಶಿರ ಜೂನ್ 8ರ ಸುಮಾರಿಗೆ, ಆರ್ದ್ರಾ ಜೂನ್ 22ರ ಸುಮಾರಿಗೆ. ಮಳೆ ಬರುವುದು ಋತುವಿನ ಗಾಳಿಯಿಂದ. ನಕ್ಷತ್ರ ಅದರ ಗುರುತಿನ ಕಲ್ಲು ಮಾತ್ರ, ಆ ಕಲ್ಲು ನಾನೂರು ವರ್ಷದಲ್ಲಿ ಒಂದು ವಾರದಷ್ಟು ಸರಿದಿದೆ. ಹಾಗೆಂದು ಈ ವರ್ಷ ಮಳೆ ತಡವಾದರೆ ಪಂಚಾಂಗವನ್ನು ಬೈಯುವುದೂ ಸರಿಯಲ್ಲ. ಒಬ್ಬನ ಆಯುಸ್ಸಿನಲ್ಲಿ ಆ ಜಾರುವಿಕೆ ಒಂದೇ ದಿನ. ಮುಂಗಾರು ವಾಡಿಕೆಯಂತೆ ಜೂನ್ 1ಕ್ಕೆ ಕೇರಳಕ್ಕೆ ಬಂದು ನಾಲ್ಕೈದು ದಿನದಲ್ಲಿ ನಮ್ಮ ಕರಾವಳಿ ಮುಟ್ಟುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ಒಂದು ವಾರ ಹಿಂದೆ ಮುಂದೆ ಆಗುವುದು ಸಾಮಾನ್ಯ. ಯಾವ ಪಂಚಾಂಗವೂ, ತುಳುವಾಗಲಿ ಇಂಗ್ಲಿಷಾಗಲಿ, ಅದನ್ನು ಹೇಳಲಾರದು. ಅದಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆ ಕೇಳಬೇಕು.

ಹಾಗಾದರೆ ಮಾಡಬೇಕಾದ್ದೇನು? ಹಬ್ಬಕ್ಕೆ, ವ್ರತಕ್ಕೆ ಅವರವರ ಪಂಚಾಂಗ. ವರ್ಷದ ಕೆಲಸದ ಅಂದಾಜಿಗೆ ತುಳು ತಿಂಗಳು. ಅದಕ್ಕೆ ಸಮನಾದದ್ದು ಇಲ್ಲ. ಈ ವಾರ ಬೀಜ ಬಿತ್ತಬೇಕೋ ಬೇಡವೋ ಎಂಬುದಕ್ಕೆ ಮುನ್ಸೂಚನೆ ಮತ್ತು ಗದ್ದೆಯ ಹದ. ದಿನ ಎಣಿಸುವ ಕೆಲಸಕ್ಕೆ, ಕಾಗದಪತ್ರಕ್ಕೆ ಇಂಗ್ಲಿಷು ತಾರೀಕು.

ದಿನ ಎಣಿಸುವ ಕೆಲಸ ಬೇಸಾಯದಲ್ಲಿ ದಿನೇ ದಿನೇ ಹೆಚ್ಚುತ್ತಿದೆ. ನೇಜಿಯನ್ನು 21ರಿಂದ 25 ದಿನದೊಳಗೆ ಕಿತ್ತು ನೆಡಬೇಕು. ಅಡಿಕೆಗೆ ಕೊಳೆರೋಗ ಬಾರದಂತೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ 40ರಿಂದ 45 ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಜೂನ್ 1ಕ್ಕೆ ಮೊದಲ ಸಿಂಪಡಣೆಯಾದರೆ ಎರಡನೆಯದು ಜುಲೈ 16ರೊಳಗೆ, ಅಂದರೆ ಆಟಿ ಸಂಕ್ರಮಣಕ್ಕೆ ಸರಿಯಾಗಿ. ನೆನಪಿನ ಮೇಲೆ ಬಿಟ್ಟರೆ ಆಟಿಯ ಮಳೆಯಲ್ಲಿ ಹತ್ತು ದಿನ ಕಳೆದದ್ದು ತಿಳಿಯುವುದೇ ಇಲ್ಲ. ತಿಳಿಯುವಾಗ ಕಾಯಿ ಅಂಗಳಕ್ಕಲ್ಲ, ಮರದ ಬುಡಕ್ಕೆ ಬಿದ್ದಿರುತ್ತದೆ.

ಅದಕ್ಕಾಗಿ ಮನೆಯಲ್ಲಿ ಒಂದು ನೂರು ಪುಟದ ಪುಸ್ತಕ ಇಡಿ. ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಯಿಸಿ. ಮೊದಲ ಮಳೆ, ಬಿತ್ತಿದ ದಿನ, ನೆಟ್ಟ ದಿನ, ಮದ್ದು ಹೊಡೆದ ದಿನ, ಕೊಯ್ಲು, ಆಳಿಗೆ ಕೊಟ್ಟ ಹಣ, ಸಾಲದ ಕಂತು, ಇಷ್ಟು ಸಾಕು. ಪ್ರತಿಯೊಂದಕ್ಕೂ ಇಂಗ್ಲಿಷು ತಾರೀಕು, ವಾರ, ತುಳು ತಿಂಗಳ ದಿನ ಮೂರನ್ನೂ ಬರೆಯಿರಿ. ವೇಣೂರಿನ ಕಲ್ಲಿನ ಪಾಠ ಇದೇ. ಹತ್ತು ವರ್ಷ ಬರೆದರೆ ನಿಮ್ಮ ಬೈಲಿಗೆ, ನಿಮ್ಮ ಮಜಲಿಗೆ, ನಿಮ್ಮ ತೋಟಕ್ಕೆ ಸರಿಹೊಂದುವ ಪಂಚಾಂಗ ನಿಮ್ಮ ಕೈಯಲ್ಲೇ ಸಿದ್ಧವಾಗುತ್ತದೆ. ಮಳೆಗೆ ಯಾವ ವರ್ಷ ಬೇಗ, ಯಾವ ವರ್ಷ ತಡ, ಯಾವ ದಿನ ಬಿತ್ತಿದ್ದಕ್ಕೆ ಎಷ್ಟು ಮುಡಿ ಬಂತು ಎಂದು ಅದು ಹೇಳುತ್ತದೆ. ಪಗ್ಗು ಹದಿನೆಂಟೆಂದು ಹೇಳಿಟ್ಟ ಹಿರಿಯರೂ ಮಾಡಿದ್ದು ಇದನ್ನೇ. ಅವರಿಗೆ ಪುಸ್ತಕ ಇರಲಿಲ್ಲ, ಬಾಯಲ್ಲಿ ಇಟ್ಟರು. ನಾವು ಬರೆದಿಡೋಣ.

ಬರುವ ಬಿಸುವಿಗೆ ಕಣಿ ಇಡುವಾಗ ಹಣ್ಣು, ತೆಂಗಿನಕಾಯಿ, ಕನ್ನಡಿಯ ಜೊತೆಗೆ ಈ ಪುಸ್ತಕವನ್ನೂ ಇಡಿ. ಮರುದಿನದಿಂದ ಬರೆಯಲು ತೊಡಗಿ.